ಬಯಲ ಬೆಳಕಿಗೆ ಪುಟ್ಟ ದುರ್ಬೀನು

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು 14 ಕಿಲೋಮೀಟರ್ ದಾರಿ. ಅಷ್ಟರೊಳಗೆ ನೀರಹಕ್ಕಿಗಳಿಗೆ ಬೇಕಾದ ಮೂರು ಬಗೆಯ ನೆಲೆಗಳು ಒಂದರ ಹಿಂದೆ ಒಂದು ಬರುತ್ತವೆ: ಬಾತಿಯ ಕೆರೆ, ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು, ಹರಿಹರದ ಅಂಚಿನಲ್ಲಿ ಬಂಡೆಗಳನ್ನು ಬಳಸಿ ಹರಿಯುವ ತುಂಗಭದ್ರೆ. ಸ್ವಲ್ಪ ಸುತ್ತಿಕೊಂಡು ಹೋದರೆ ಗುಡ್ಡದ ಮಗ್ಗುಲಿನ ಕೊಂಡಜ್ಜಿ ಕೆರೆ ಸಿಗುತ್ತದೆ, ದೇವರಬೆಳಕೆರೆಯ ಪಿಕಪ್ ಅಣೆಕಟ್ಟು ಸಿಗುತ್ತದೆ. ದಾವಣಗೆರೆ ನಗರಕ್ಕೆ ಕುಡಿಯುವ ನೀರು ಕೊಡುವ ಕುಂದುವಾಡ ಕೆರೆಯಂತೂ ಬಡಾವಣೆಗಳ ಮಗ್ಗುಲಲ್ಲೇ ಇದೆ. ಇವೆಲ್ಲಕ್ಕೂ ಸಮಾನವಾದ ಗುಣವೊಂದುಂಟು. ಇವು ತೆರೆದ ಜಾಗಗಳು. ಮಲೆನಾಡಿನ ಕಾಡಿನಲ್ಲಿ ಹತ್ತು ಮೀಟರ್ ಆಚೆಯ ಎಲೆಮರೆಯಿಂದ ಹಕ್ಕಿಯನ್ನು ಹುಡುಕಿ ತೆಗೆಯಬೇಕಾಗುತ್ತದೆ. ಇಲ್ಲಿ ಹಕ್ಕಿ ಎದುರಿಗೇ ಇರುತ್ತದೆ, ಆದರೆ ಎಂಬತ್ತು ನೂರು ಮೀಟರ್ ದೂರದಲ್ಲಿ, ಕಣ್ಣು ಕೋರೈಸುವ ನೀರಿನ ಮೇಲೆ, ಒಂದು ಬೂದು ಚುಕ್ಕೆಯಾಗಿ.

ಆ ಚುಕ್ಕೆಗೆ ಹೆಸರು ಕೊಡಲು ನೆರವಾಗುವ ಸಾಧನ ದುರ್ಬೀನು, ಈಗಿನ ಮಾತಿನಲ್ಲಿ ಬೈನಾಕ್ಯುಲರ್. ಅದರಲ್ಲೂ ಅಂಗೈಯೊಳಗೆ ಅಡಗುವ, ಮಡಚಿದರೆ ಅಂಗಿಯ ಜೇಬಿಗೆ ಇಳಿಯುವ, 250ರಿಂದ 400 ಗ್ರಾಂ ತೂಗುವ ಪುಟ್ಟ ಮಾದರಿಗಳಿವೆ. ಅವುಗಳ ಮೈಮೇಲೆ ಸಾಮಾನ್ಯವಾಗಿ 8×25 ಎಂದು ಬರೆದಿರುತ್ತದೆ. ಅನುಭವಸ್ಥ ಪಕ್ಷಿವೀಕ್ಷಕರ ನಡುವೆ ಇವಕ್ಕೆ ಹೆಚ್ಚಿನ ಮರ್ಯಾದೆಯಿಲ್ಲ. ಅವರ ಕೊರಳಲ್ಲಿ ತೂಗುವುದು 8×42. ತೂಕ ಮುಕ್ಕಾಲು ಕಿಲೋದ ಆಸುಪಾಸು. ಪುಟ್ಟದ್ದೇನಿದ್ದರೂ ಪ್ರವಾಸಕ್ಕೆ, ಕ್ರಿಕೆಟ್ ಮೈದಾನಕ್ಕೆ ಎಂಬುದು ಅವರ ಅಭಿಪ್ರಾಯ. ಈ ಅಭಿಪ್ರಾಯದಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಮಸೂರಗಳಿಗಿಂತ ಹೆಚ್ಚಾಗಿ ಮನುಷ್ಯನ ಕಣ್ಣು, ಮತ್ತು ನೋಡುವ ಜಾಗದ ಬೆಳಕು, ಇವೆರಡು ತೀರ್ಮಾನಿಸುತ್ತವೆ.

ಮೊದಲು ಕಣ್ಣಿನ ಮಿತಿಯನ್ನು ನೋಡಬೇಕು. ಆರೋಗ್ಯವಂತ ಕಣ್ಣು ಒಳ್ಳೆಯ ಬೆಳಕಿನಲ್ಲಿ ಒಂದು ಡಿಗ್ರಿಯ ಅರುವತ್ತರಲ್ಲಿ ಒಂದು ಭಾಗದಷ್ಟು ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ಇದನ್ನು ಕಣ್ಣಿನ ವಿಭೇದನ ಸಾಮರ್ಥ್ಯ ಎನ್ನುತ್ತಾರೆ. 100 ಮೀಟರ್ ದೂರದಲ್ಲಿ ಈ ಕೋನದ ಅಗಲ 29 ಮಿಲಿಮೀಟರ್. ಎಂದರೆ ಕೆರೆಯ ಆಚೆ ದಡದಲ್ಲಿ ಕೂತ ಹಕ್ಕಿಯ ಮೈಮೇಲಿನ ಯಾವ ಗುರುತು 29 ಮಿಲಿಮೀಟರಿಗಿಂತ ಕಿರಿದಾಗಿದೆಯೋ ಅದು ಸುತ್ತಲಿನ ಬಣ್ಣದೊಳಗೆ ಕರಗಿಹೋಗುತ್ತದೆ. ಎಂಟು ಪಟ್ಟು ವರ್ಧನೆಯ ದುರ್ಬೀನು ಈ ಮಿತಿಯನ್ನು 3.6 ಮಿಲಿಮೀಟರಿಗೆ ಇಳಿಸುತ್ತದೆ. 50 ಮೀಟರ್ ದೂರದಲ್ಲಾದರೆ 1.8 ಮಿಲಿಮೀಟರಿಗೆ.

ಈ ಅಂಕಿಗಳಿಗೂ ಹಕ್ಕಿಯ ಮೈಗೂ ಇರುವ ಸಂಬಂಧವನ್ನು ಭತ್ತದ ಗದ್ದೆಯಲ್ಲಿ ನಿಂತ ಬಾಯ್ಕಳಕ ಕೊಕ್ಕರೆ ಚೆನ್ನಾಗಿ ತೋರಿಸಿಕೊಡುತ್ತದೆ. ಬೆಳೆದ ಹಕ್ಕಿ ಕೊಕ್ಕನ್ನು ಪೂರ್ತಿ ಮುಚ್ಚಿದರೂ ಮೇಲಿನ ಮತ್ತು ಕೆಳಗಿನ ದವಡೆಗಳ ನಡುವೆ ಒಂದು ಸಂದು ಉಳಿಯುತ್ತದೆ. ಬಸವನಹುಳುವನ್ನು ಹಿಡಿದು ತಿನ್ನುವ ಬಾಳಿಗೆ ಒಗ್ಗಿದ ಕೊಕ್ಕು ಅದು. ಆ ಸಂದಿನ ಅಗಲ ಅರ್ಧ ಸೆಂಟಿಮೀಟರಿನ ಆಸುಪಾಸು. ನೂರು ಮೀಟರಿನಿಂದ ಬರಿಗಣ್ಣಿಗೆ ಅದು ಇದ್ದೂ ಇಲ್ಲ. ಎಂಟು ಪಟ್ಟು ವರ್ಧನೆಯಲ್ಲಿ ಕೊಕ್ಕಿನ ನಡುವೆ ಆಕಾಶದ ಒಂದು ಸೀಳು ಕಾಣುತ್ತದೆ. ಎಳೆಯ ಹಕ್ಕಿಗಳಲ್ಲಿ ಈ ಸಂದು ಇರುವುದಿಲ್ಲ. ಆದ್ದರಿಂದ ಕಂಡದ್ದು ಹಕ್ಕಿಯ ಜಾತಿಯಷ್ಟೇ ಅಲ್ಲ, ವಯಸ್ಸೂ ಹೌದು.

ತುಂಗಭದ್ರೆಯ ಮೇಲೆ ಇದೇ ಲೆಕ್ಕಕ್ಕೆ ಇನ್ನೊಂದು ಉದಾಹರಣೆ ಸಿಗುತ್ತದೆ. ಕಪ್ಪುಬಿಳಿ ಮಿಂಚುಳ್ಳಿ ನೀರಿಗೆ ಹಲವು ಮೀಟರ್ ಎತ್ತರದಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು, ಕೊಕ್ಕನ್ನು ನೇರ ಕೆಳಗೆ ಮಾಡಿ ಮೀನಿಗಾಗಿ ಕಾಯುತ್ತದೆ. ಈ ಹಾರಾಟವೇ ಅದರ ಗುರುತಾದ್ದರಿಂದ ಜಾತಿಯನ್ನು ಹೇಳಲು ಯಾವ ಸಾಧನವೂ ಬೇಡ. ಆದರೆ ಗಂಡಿನ ಎದೆಯ ಮೇಲೆ ಎರಡು ಕಪ್ಪು ಪಟ್ಟಿಗಳು, ಮೇಲಿನದು ಅಗಲ, ಕೆಳಗಿನದು ಸಪೂರ. ಹೆಣ್ಣಿಗೆ ಒಂದೇ ಪಟ್ಟಿ, ಅದೂ ಸಾಮಾನ್ಯವಾಗಿ ನಡುವೆ ಕಡಿದುಹೋದದ್ದು. ಹಕ್ಕಿ ಹಾಗೆ ಗಾಳಿಯಲ್ಲಿ ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಆ ಸಪೂರ ಪಟ್ಟಿ ಇದೆಯೋ ಇಲ್ಲವೋ ಎಂಬುದನ್ನು ಸೇತುವೆಯ ಮೇಲಿಂದ ಓದಿಕೊಳ್ಳಲು ಒಂದು ಪುಟ್ಟ ದುರ್ಬೀನು ಧಾರಾಳವಾಗಿ ಸಾಕು.

ಗೆರೆಯೊಂದು ಕಾಣುವುದಕ್ಕೂ ಎರಡು ಗೆರೆಗಳು ಬೇರ್ಪಟ್ಟು ಕಾಣುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಇಲ್ಲೇ ಹೇಳಬಹುದು. ಸೇತುವೆಗಳ ಬಳಿ ನೀರಿಗೆ ತಾಗುವಂತೆ ಹಾರಾಡುವ ತಂತಿಬಾಲದ ಕವಲುತೋಕೆಯ ಬಾಲದಿಂದ ಹೊರಟ ಎರಡು ಎಳೆಗಳು ಮೇಲೆ ಹೇಳಿದ ಮಿತಿಗಿಂತ ಎಷ್ಟೋ ತೆಳುವಾಗಿದ್ದರೂ ಬೆಳಗಿದ ಆಕಾಶದ ಹಿನ್ನೆಲೆಯಲ್ಲಿ ಕಾಣುತ್ತವೆ. ಬಿಡಿಯಾದ ಕಪ್ಪು ಗೆರೆ ತನ್ನ ಹಿಂದಿನ ಬೆಳಕನ್ನು ಕಿಂಚಿತ್ತು ಕಡಿಮೆ ಮಾಡಿದರೂ ಕಣ್ಣು ಅದನ್ನು ಪತ್ತೆಹಚ್ಚುತ್ತದೆ. ಎಳೆಯ ದಪ್ಪ ಎಷ್ಟು ಎಂದು ಮಾತ್ರ ಹೇಳಲಾರದು.

ಇನ್ನು ಸಾಧನದ ಒಳಗಿನ ಸಂಗತಿ. 8×25ರಲ್ಲಿ ಮೊದಲ ಅಂಕಿ ವರ್ಧನೆ; ಎರಡನೆಯದು ಹಕ್ಕಿಯ ಕಡೆಗಿರುವ ವಸ್ತುಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ವಸ್ತುಮಸೂರ ದೂರದ ದೃಶ್ಯದ ಒಂದು ಪುಟ್ಟ ಬಿಂಬವನ್ನು ಕೊಳವೆಯ ಒಳಗೆ ಮೂಡಿಸುತ್ತದೆ, ಕಣ್ಣಿನ ಕಡೆಯ ನೇತ್ರಮಸೂರ ಆ ಬಿಂಬವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಎರಡೂ ಕಡೆ ಉಬ್ಬು ಮಸೂರಗಳಿರುವ ಈ ಜೋಡಣೆಯನ್ನು ಕೆಪ್ಲರ್ 1611ರಲ್ಲಿ ವಿವರಿಸಿದ್ದ. ಅದರ ತೊಡಕೆಂದರೆ ದೃಶ್ಯ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ನಕ್ಷತ್ರ ನೋಡುವವರಿಗೆ ಅದರಿಂದ ನಷ್ಟವಿಲ್ಲ, ಹಕ್ಕಿ ನೋಡುವವರಿಗೆ ಅದು ನಿರುಪಯೋಗಿ. ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲಿ ಎರಡು ಅಶ್ರಗಗಳನ್ನು, ಅಂದರೆ ಪ್ರಿಸಂಗಳನ್ನು, ಅಡ್ಡಕ್ಕೂ ಉದ್ದಕ್ಕೂ ಜೋಡಿಸಿ ಬಿಂಬವನ್ನು ನೆಟ್ಟಗೆ ಮಾಡುವ ಉಪಾಯಕ್ಕೆ ಪೇಟೆಂಟ್ ಪಡೆದ. ಯೇನಾ ನಗರದ ಜೈಸ್ ಕಂಪನಿಯಲ್ಲಿ ಅರ್ನ್ಸ್ಟ್ ಅಬೆ ಅದನ್ನು ಮಾರುಕಟ್ಟೆಗೆ ತರುವ ಹೊತ್ತಿಗೆ 1894 ಆಗಿತ್ತು. ಅಷ್ಟು ಶುದ್ಧವಾದ ಗಾಜು ಅದಕ್ಕೆ ಮುಂಚೆ ಸಿಗುತ್ತಿರಲಿಲ್ಲ.

ಅಶ್ರಗ ಬಿಂಬವನ್ನು ತಿರುಗಿಸುವುದರ ಜೊತೆಗೆ ಇನ್ನೂ ಒಂದು ಉಪಕಾರ ಮಾಡುತ್ತದೆ. ಬೆಳಕಿನ ದಾರಿಯನ್ನು ಅದು ಮಡಚುತ್ತದೆ. ಬೆಳಕು ಒಳಗೇ ಹಿಂದೆ ಮುಂದೆ ಓಡಾಡುವುದರಿಂದ ಉದ್ದ ಕೊಳವೆಯ ಕೆಲಸ ಗಿಡ್ಡ ಕೊಳವೆಯಲ್ಲಿ ಆಗುತ್ತದೆ. ಜೇಬಿನ ದುರ್ಬೀನು ಸಾಧ್ಯವಾದದ್ದೇ ಈ ಮಡಿಕೆಯಿಂದ. ಈಗಿನ ಪುಟ್ಟ ದುರ್ಬೀನುಗಳಲ್ಲಿ ಹೆಚ್ಚಾಗಿ ಇರುವುದು ಹೆಂಚಿನ ಮನೆಯ ಸೂರಿನ ಹಾಗೆ ಎರಡು ಇಳಿಜಾರು ಮುಖಗಳಿರುವ ಸೂರು ಅಶ್ರಗ. ಇದರಿಂದ ಕೊಳವೆ ನೇರವಾಗಿ, ಸಪೂರವಾಗಿ ಬರುತ್ತದೆ. ಆದರೆ ಸೂರಿನ ಎರಡು ಮುಖಗಳಿಗೆ ಬಿದ್ದು ಇಬ್ಭಾಗವಾದ ಬೆಳಕು ಮತ್ತೆ ಒಂದಾಗುವಾಗ ಅಲೆಗಳು ಒಂದಕ್ಕೊಂದು ಹೊಂದದೆ ಬಿಂಬದ ಅಂಚುಗಳು ಮಬ್ಬಾಗುತ್ತವೆ. ಈ ದೋಷವನ್ನು ನೀಗುವ ತೆಳುಲೇಪನವನ್ನು ಜೈಸ್ 1988ರಲ್ಲಿ ಬಳಕೆಗೆ ತಂದಿತು. ಆವರೆಗೆ ಪುಟ್ಟ ದುರ್ಬೀನುಗಳ ಮೇಲಿದ್ದ ತಾತ್ಸಾರಕ್ಕೆ ಕಾರಣವಿತ್ತು. ಇಂದು ಆ ಲೇಪನ ಮಧ್ಯಮ ಬೆಲೆಯ ಮಾದರಿಗಳಲ್ಲೂ ಇದೆ, ತಾತ್ಸಾರ ಮಾತ್ರ ಹಾಗೇ ಉಳಿದುಕೊಂಡಿದೆ.

ಲೇಪನಗಳ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. ಬರಿಯ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ದುರ್ಬೀನಿನ ಒಂದು ಕೊಳವೆಯಲ್ಲಿ ಅಂಥ 12 ಮೇಲ್ಮೈಗಳಿವೆ ಎಂದುಕೊಂಡರೆ ಕಣ್ಣಿಗೆ ತಲುಪುವುದು ಶೇ. 61 ಮಾತ್ರ. ಕಳೆದುಹೋದ ಬೆಳಕೂ ಸುಮ್ಮನಿರುವುದಿಲ್ಲ; ಕೊಳವೆಯೊಳಗೆ ಅಲೆದಾಡಿ ಬಿಂಬದ ಮೇಲೆ ತೆಳುವಾದ ಬಿಳಿ ಮಂಜನ್ನು ಹರಡುತ್ತದೆ. ಜೈಸ್‌ನಲ್ಲೇ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಕಂಡುಹಿಡಿದ ಪ್ರತಿಫಲನನಿರೋಧಕ ಲೇಪನ ಈ ಸೋರಿಕೆಯನ್ನು ತಡೆಯಿತು. ಈಗಿನ ಬಹುಪದರ ಲೇಪನಗಳಲ್ಲಿ ಒಂದೊಂದು ಮೇಲ್ಮೈಯ ನಷ್ಟ ಶೇ. 0.5ರಷ್ಟು ಎಂದು ಹಿಡಿದರೆ, ಅದೇ 12 ಮೇಲ್ಮೈಗಳನ್ನು ದಾಟಿ ಶೇ. 94ರಷ್ಟು ಬೆಳಕು ಉಳಿಯುತ್ತದೆ. ಇವೆರಡು ಅಂಕಿಗಳ ನಡುವಿನ ಅಂತರವನ್ನು ಮಸೂರದ ಗಾತ್ರ ಹೆಚ್ಚಿಸಿ ತುಂಬಿಕೊಳ್ಳಬೇಕಾದರೆ ವ್ಯಾಸವನ್ನು ಕಾಲುಭಾಗದಷ್ಟು ಹಿಗ್ಗಿಸಬೇಕಾಗುತ್ತದೆ. ಒಳ್ಳೆಯ ಲೇಪನವಿರುವ ಪುಟ್ಟ ದುರ್ಬೀನು ಕೆಟ್ಟ ಲೇಪನದ ದೊಡ್ಡ ದುರ್ಬೀನಿಗಿಂತ ಮೇಲು ಎಂಬ ಮಾತಿನ ಹಿಂದಿರುವುದು ಈ ಗುಣಾಕಾರ.

ಈಗ ಮುಖ್ಯ ಪ್ರಶ್ನೆಗೆ ಬರಬಹುದು. 25 ಮಿಲಿಮೀಟರಿನ ಮಸೂರಕ್ಕೆ ಬೀಳುವ ಬೆಳಕಿಗಿಂತ 42 ಮಿಲಿಮೀಟರಿನ ಮಸೂರಕ್ಕೆ ಬೀಳುವ ಬೆಳಕು 2.8 ಪಟ್ಟು ಹೆಚ್ಚು. ಹಾಗಿದ್ದರೆ ದೊಡ್ಡ ದುರ್ಬೀನಿನಲ್ಲಿ ದೃಶ್ಯ ಅಷ್ಟೇ ಪಟ್ಟು ಬೆಳಗಬೇಕಲ್ಲವೇ? ಇಲ್ಲ, ಏಕೆಂದರೆ ದುರ್ಬೀನಿನಿಂದ ಹೊರಬಂದ ಬೆಳಕು ಅಕ್ಷಿಪಟಲಕ್ಕೆ ಹೋಗುವ ಮುನ್ನ ಕಣ್ಣಿನ ಪಾಪೆಯನ್ನು ದಾಟಬೇಕು. ಆ ಬಾಗಿಲ ಅಗಲವನ್ನು ಹೊರಗಿನ ಬೆಳಕು ನಿರ್ಧರಿಸುತ್ತದೆ.

ದುರ್ಬೀನನ್ನು ತೋಳಳತೆ ದೂರದಲ್ಲಿ ಆಕಾಶದ ಕಡೆ ಹಿಡಿದು ನೋಡಿದರೆ ನೇತ್ರಮಸೂರದ ನಡುವೆ ಒಂದು ದುಂಡನೆಯ ಬೆಳಕಿನ ಬೊಟ್ಟು ತೇಲಿದಂತೆ ಕಾಣುತ್ತದೆ. ಅದು ದುರ್ಬೀನಿನಿಂದ ಹೊರಡುವ ಬೆಳಕಿನ ಕಂತೆಯ ಅಡ್ಡಕೊಯ್ತ. ಅದಕ್ಕೆ ನಿರ್ಗಮ ಪಾಪೆ ಎಂದು ಹೆಸರಿಡಬಹುದು. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಅದರ ಅಗಲ ಸಿಗುತ್ತದೆ. 8×42ರಲ್ಲಿ ಅದು 5.25 ಮಿಲಿಮೀಟರ್, 8×25ರಲ್ಲಿ 3.1 ಮಿಲಿಮೀಟರ್. ಮನುಷ್ಯನ ಕಣ್ಣಿನ ಪಾಪೆಯಾದರೋ ಬಿರುಬಿಸಿಲಿನಲ್ಲಿ ಎರಡು ಮೂರು ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲಲ್ಲಿ ಎಳೆಯರಿಗೆ ಏಳರವರೆಗೂ, ವಯಸ್ಸಾದವರಿಗೆ ಐದರ ಆಸುಪಾಸಿಗೂ ಅರಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಕೊಂಡಜ್ಜಿ ಕೆರೆಯ ಏರಿಯ ಮೇಲೆ ನಿಂತವರ ಪಾಪೆ 2.5 ಮಿಲಿಮೀಟರ್ ಎನ್ನೋಣ. ಅವರು ಎಂಟು ಪಟ್ಟಿನ ಎಂಥ ದುರ್ಬೀನು ಹಿಡಿದರೂ ಅವರ ಕಣ್ಣೊಳಗೆ ಹೋಗುವುದು 2.5ರ ಎಂಟು ಪಟ್ಟು, ಅಂದರೆ ಮಸೂರದ ನಡುವಿನ 20 ಮಿಲಿಮೀಟರಿಗೆ ಬಿದ್ದ ಬೆಳಕು ಮಾತ್ರ. 42 ಮಿಲಿಮೀಟರಿನ ಮಸೂರದ ಉಳಿದ ಅಂಚಿನಿಂದ ಬಂದ ಬೆಳಕೆಲ್ಲ ಕಣ್ಣಿನ ಬಣ್ಣದ ಪೊರೆಗೆ ಬಡಿದು ವ್ಯರ್ಥವಾಗುತ್ತದೆ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ಎರಡೂ ದುರ್ಬೀನುಗಳು ತೋರಿಸುವ ಹಕ್ಕಿಯ ಬೆಳಗು ಒಂದೇ. ಕೊರಳಿಗೆ ಬಿದ್ದ ಹೆಚ್ಚುವರಿ ಅರ್ಧ ಕಿಲೋ ತೂಕವನ್ನು ಕಣ್ಣು ಬಳಸಿಕೊಳ್ಳುವುದೇ ಇಲ್ಲ.

ವಿವರಗಳ ವಿಷಯದಲ್ಲಿ ಪುಟ್ಟ ಮಸೂರ ಹಿಂದೆ ಬೀಳುತ್ತದೆಯೇ ಎಂದು ಕೇಳಬಹುದು. ಬೆಳಕು ಅಲೆಯಾದ್ದರಿಂದ ರಂಧ್ರ ಕಿರಿದಾದಷ್ಟೂ ಅದು ಹೆಚ್ಚು ಚೆದುರುತ್ತದೆ, ಬಿಂಬ ಅಷ್ಟರಮಟ್ಟಿಗೆ ಮಸುಕಾಗುತ್ತದೆ; ಇದು ವಿವರ್ತನೆ. 25 ಮಿಲಿಮೀಟರಿನ ಮಸೂರಕ್ಕೆ ಈ ಮಿತಿ ನೂರು ಮೀಟರ್ ದೂರದಲ್ಲಿ 2.7 ಮಿಲಿಮೀಟರಿನಷ್ಟು. ಎಂಟು ಪಟ್ಟು ವರ್ಧನೆಯ ಮೂಲಕ ಕಣ್ಣು ಬೇರ್ಪಡಿಸಬಲ್ಲದ್ದು 3.6 ಮಿಲಿಮೀಟರ್ ಎಂದು ಮೇಲೆ ಕಂಡಿದ್ದೇವೆ. ಅಲ್ಲಿಗೆ ಮಸೂರಕ್ಕಿಂತ ಮೊದಲು ಸೋಲುವುದು ಕಣ್ಣು. ಹತ್ತು ಪಟ್ಟಿಗೆ ಏರಿಸಿದರೆ ಕಣ್ಣಿನ ಮಿತಿ 2.9ಕ್ಕೆ ಇಳಿದು ಮಸೂರದ ಮಿತಿಯನ್ನು ಮುಟ್ಟುತ್ತದೆ. ಜೊತೆಗೆ ನಿರ್ಗಮ ಪಾಪೆ 2.5 ಮಿಲಿಮೀಟರಿಗೆ ಕಿರಿದಾಗುತ್ತದೆ, ಕೈನಡುಕವೂ ಎಂಟರ ಬದಲು ಹತ್ತು ಪಟ್ಟು ಹಿಗ್ಗುತ್ತದೆ. ಪುಟ್ಟ ದುರ್ಬೀನು ಕೊಳ್ಳುವಾಗ 10×25ರ ಆಕರ್ಷಣೆಗೆ ಒಳಗಾಗದೆ 8×25ಕ್ಕೆ ನಿಲ್ಲುವುದು ಜಾಣತನ ಎನ್ನಲು ಇಷ್ಟು ಸಾಕು.

ದಾವಣಗೆರೆಯ ಬಯಲು ಬೆಳಕಿಗೆ ಬಡತನವಿಲ್ಲದ ಸೀಮೆ. ನೆತ್ತಿಯ ಸೂರ್ಯ ನೆಲಕ್ಕೆ ಸುಮಾರು ಒಂದು ಲಕ್ಷ ಲಕ್ಸ್ ಬೆಳಕು ಸುರಿಯುತ್ತಾನೆ. ಕೆರೆಯ ನೀರು ಅದರಲ್ಲಿ ಒಂದಷ್ಟನ್ನು ಕಣ್ಣಿಗೇ ತಿರುಗಿಸುತ್ತದೆ. ಮೋಡ ಕವಿದ ಹಗಲಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಆಗುಂಬೆಯಂಥ ದಟ್ಟ ಕಾಡಿನ ಅಡಿಯಲ್ಲಿ ಈ ಬೆಳಕಿನ ಶೇಕಡಾ ಒಂದೆರಡು ಪಾಲು ಮಾತ್ರ ಉಳಿಯುವುದರಿಂದ ಪಾಪೆ ಅರಳುತ್ತದೆ. ಅಲ್ಲಿ 32 ಮಿಲಿಮೀಟರಿಗಿಂತ ಕಿರಿದಾದ ಮಸೂರ ಕಣ್ಣಿಗೆ ಅರೆಹೊಟ್ಟೆ. ಹಾಗಾಗಿ ಒಂದೇ ಸಾಧನ ಕೊಂಡಜ್ಜಿಯಲ್ಲಿ ಸಾಕಾಗಿ ಆಗುಂಬೆಯಲ್ಲಿ ಸಾಲದಾಗುತ್ತದೆ. ವಿದೇಶಿ ಪುಸ್ತಕಗಳಲ್ಲಿ 42 ಮಿಲಿಮೀಟರಿನ ಶಿಫಾರಸು ಮತ್ತೆ ಮತ್ತೆ ಬರುವುದಕ್ಕೆ ಅಲ್ಲಿನ ಮಂಕು ಚಳಿಗಾಲ, ಉದ್ದನೆಯ ಮುಸ್ಸಂಜೆಗಳೂ ಕಾರಣ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಸಂಜೆ ಬೇಗ ಮುಗಿಯುತ್ತದೆ.

ಆದರೆ ಆ ಕಿರುಸಂಜೆಯಲ್ಲೇ ಪುಟ್ಟ ದುರ್ಬೀನು ಕೈಕೊಡುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಹೊತ್ತು ಮುಳುಗಿ ಮಬ್ಬು ಕವಿದ ಮೇಲೆ ಪಾಪೆ ಐದು ಮಿಲಿಮೀಟರಿಗೆ ಅರಳಿದಾಗ ಕಣ್ಣಿಗೆ ಬೇಕಾದದ್ದು 40 ಮಿಲಿಮೀಟರಿನ ಮಸೂರದ ಬೆಳಕು; 25ರದು ಅದರ ಐದರಲ್ಲಿ ಎರಡು ಪಾಲೂ ಇಲ್ಲ. ಬಣ್ಣ ಗುರುತಿಸುವ ಶಂಕುಕೋಶಗಳು ಹಿಂದೆ ಸರಿದು ಕಪ್ಪುಬಿಳುಪಿನ ಸರಳುಕೋಶಗಳು ಕೆಲಸಕ್ಕೆ ಇಳಿಯುವ ಹೊತ್ತೂ ಅದೇ. ಗೂಡಿಗೆ ಮರಳುವ ಬೆಳ್ಳಕ್ಕಿಗಳಿಗೆ ವಿರುದ್ಧ ದಿಕ್ಕಿನಲ್ಲಿ ಮೇವಿಗೆ ಹೊರಡುವ ಇರುಳ ಬಕ, ನಾಲೆಯ ಏರಿಯ ಮಣ್ಣಿನಲ್ಲಿ ಕೂತು ಕಣ್ಣು ಹೊಳೆಯಿಸುವ ನತ್ತಿಂಗ, ಇವು ದೊಡ್ಡ ಮಸೂರದವರ ಪಾಲು.

ಹಗಲಿನಲ್ಲೂ ಕೆಲವು ಕಿರಿಕಿರಿಗಳಿವೆ. 3.1 ಮಿಲಿಮೀಟರಿನ ಬೆಳಕಿನ ಕಂತೆ ಪಾಪೆಗೆ ನೇರವಾಗಿ ಬೀಳಬೇಕಾದ್ದರಿಂದ ಕಣ್ಣನ್ನು ಸರಿಯಾದ ಜಾಗದಲ್ಲಿ ಇಡಬೇಕು. ಒಂದಿಷ್ಟು ಆಚೀಚೆಯಾದರೂ ಅರ್ಧ ದೃಶ್ಯಕ್ಕೆ ಕಪ್ಪು ಪರದೆ ಬೀಳುತ್ತದೆ. 8×42ರಲ್ಲಿ ಕಣ್ಣಿಗೆ ಅಲೆದಾಡಲು ಜಾಗವಿರುತ್ತದೆ, ಅದರ ನಿಜವಾದ ಹಗಲಿನ ಲಾಭ ಇದು. ಎರಡು ಕಣ್ಣುಗಳ ನಡುವಿನ ಅಂತರಕ್ಕೆ ಸರಿಯಾಗಿ ಕೊಳವೆಗಳನ್ನು ಹೊಂದಿಸಿಕೊಳ್ಳದೆ ಪುಟ್ಟ ದುರ್ಬೀನನ್ನು ಬೈಯುವವರೇ ಹೆಚ್ಚು. ಕನ್ನಡಕ ಹಾಕುವವರಿಗೆ ನೇತ್ರಮಸೂರದಿಂದ ಕಣ್ಣು ಕನಿಷ್ಠ 15 ಮಿಲಿಮೀಟರ್ ದೂರದಲ್ಲಿದ್ದರೂ ಪೂರ್ತಿ ದೃಶ್ಯ ಕಾಣುವಂಥ ರಚನೆ ಬೇಕು. ಪುಟ್ಟ ಮಾದರಿಗಳಲ್ಲಿ ಹಲವಕ್ಕೆ ಆ ಸೌಲಭ್ಯವಿಲ್ಲ. ತೂಕ ಕಡಿಮೆಯಾದ್ದರಿಂದ ಕೈಯ ನಡುಕವನ್ನು ನುಂಗಿಕೊಳ್ಳುವ ಜಡತ್ವವೂ ಕಡಿಮೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಹೆಬ್ಬೆರಳುಗಳನ್ನು ಕೆನ್ನೆಯ ಮೂಳೆಗೆ ಆನಿಸಿ, ಬೆನ್ನನ್ನು ಮರಕ್ಕೋ ತೂಬಿನ ಗೋಡೆಗೋ ಕೊಟ್ಟು ನಿಂತರೆ ಈ ಕೊರತೆ ಬಹುಪಾಲು ನೀಗುತ್ತದೆ.

ಯಾವ ಮಸೂರಕ್ಕೂ ಮದ್ದಿಲ್ಲದ ತೊಂದರೆಯೆಂದರೆ ಗಾಳಿಯದು. ಫೆಬ್ರವರಿ ಕಳೆದ ಮೇಲೆ ಹತ್ತು ಗಂಟೆಗೆಲ್ಲ ನೆಲ ಕಾದು, ಬಿಸಿಗಾಳಿಯ ತೊರೆಗಳು ಮೇಲೇರತೊಡಗುತ್ತವೆ. ಬಿಸಿ ಮತ್ತು ತಣ್ಣನೆಯ ಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ದೂರದ ಹಕ್ಕಿ ನಡುಗುತ್ತ, ಕಾಲು ಮೈಯಿಂದ ಬಿಟ್ಟುಹೋದಂತೆ ಕುಣಿಯುತ್ತದೆ. ವರ್ಧನೆ ಹೆಚ್ಚಿದಷ್ಟೂ ಕುಣಿತವೂ ಹೆಚ್ಚು. ಲಕ್ಷ ರೂಪಾಯಿಯ ದುರ್ಬೀನಿನವರೂ ಕೆಲವೇ ಸಾವಿರದ ದುರ್ಬೀನಿನವರೂ ಆಗ ಒಟ್ಟಿಗೆ ಚಹಾ ಕುಡಿಯಲು ಹೋಗಬಹುದು.

ಬೆಲೆಯ ಮಾತು ಬಂತು. ಜಾತ್ರೆ, ಪ್ರವಾಸಿ ತಾಣಗಳಲ್ಲಿ ಮಾರುವ, ಮೈಮೇಲೆ 30×60 ಎಂದು ಬರೆದಿರುವ ಅಗ್ಗದ ದುರ್ಬೀನುಗಳ ಅಂಕಿಯನ್ನು ನಂಬಲಾಗದು. ಹೇಳಿದ ಅಂಕಿ ದಿಟವೇ ಎಂದು ಅರಿಯಲು ನಿರ್ಗಮ ಪಾಪೆಯೇ ಸಾಕ್ಷಿ. ಅಂಗಡಿಯ ಬಾಗಿಲಲ್ಲಿ ಆಕಾಶದ ಕಡೆ ಹಿಡಿದು, ಶಾಲೆಯ ಪಟ್ಟಿಯಿಂದ ಆ ಬೆಳಕಿನ ಬೊಟ್ಟನ್ನು ಅಳೆದರೆ 8×25ರಲ್ಲಿ ಅದು ಮೂರು ಮಿಲಿಮೀಟರಿಗೆ ತುಸು ಮೇಲಿರಬೇಕು, ದುಂಡಗಿರಬೇಕು. ಬೊಟ್ಟಿನ ಅಂಚು ಚೌಕಾಕಾರಕ್ಕೆ ಕತ್ತರಿಸಿದಂತೆ ಬೂದುಬಣ್ಣಕ್ಕೆ ತಿರುಗಿದ್ದರೆ ಒಳಗಿನ ಅಶ್ರಗ ಅಗ್ಗದ ಗಾಜಿನದು, ಇಲ್ಲವೇ ಗಾತ್ರದಲ್ಲಿ ಚಿಕ್ಕದು. ಮಸೂರದ ಮೇಲೆ ಮಾಣಿಕ್ಯದಂತೆ ಹೊಳೆಯುವ ಕೆಂಪು ಲೇಪನ ಚಂದ ಕಾಣುತ್ತದೆ, ಆದರೆ ಕೆಂಪು ಬೆಳಕನ್ನು ಹೊರಗೇ ನಿಲ್ಲಿಸುತ್ತದೆ. ಅದರ ಮೂಲಕ ನೋಡಿದ ಟಿಟ್ಟಿಭದ ಕಣ್ಣಿನ ಮುಂದಿನ ಕೆಂಪು ತೊಗಲು ಕಂದಿದಂತೆ ಕಾಣುತ್ತದೆ. ಬಣ್ಣದಿಂದ ಹಕ್ಕಿ ಗುರುತಿಸಲು ಹೊರಟವರಿಗೆ ಅದಕ್ಕಿಂತ ಕೆಟ್ಟ ಸಾಧನವಿಲ್ಲ. ಮಳೆಗಾಲದ ಆರ್ದ್ರತೆಯಲ್ಲಿ ಮಸೂರದ ಒಳಗೆ ಬೂಸ್ಟು ಹಿಡಿಯದಂತೆ ಸಾರಜನಕ ತುಂಬಿ ಬಿಗಿದ ಮಾದರಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಕ್ಕಿಯನ್ನು ದೂರದಿಂದ ನೋಡಿಯೇ ಹೆಸರಿಸುವ ಪದ್ಧತಿ ಬಹಳ ಹಳೆಯದಲ್ಲ. ಕೋವಿಯ ಬದಲು ದುರ್ಬೀನು ಹಿಡಿಯಬೇಕೆಂದು ಎಡ್ಮಂಡ್ ಸೆಲಸ್ ಇಂಗ್ಲೆಂಡಿನಲ್ಲಿ ವಾದಿಸಿದ್ದು 1901ರ ಸುಮಾರಿಗೆ. ಪಟ್ಟಿ, ಹುಬ್ಬು, ಬಾಲದ ಅಂಚು ಮುಂತಾಗಿ ದೂರದಿಂದ ಕಾಣುವ ಗುರುತುಗಳನ್ನೇ ಆಧಾರವಾಗಿಟ್ಟ ಕೈಪಿಡಿಯನ್ನು ಅಮೆರಿಕದ ರೋಜರ್ ಟೋರಿ ಪೀಟರ್ಸನ್ ಹೊರತಂದದ್ದು 1934ರಲ್ಲಿ. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗಲೂ ಮಾದರಿಗಳನ್ನು ಹೊಡೆದು ಸಂಗ್ರಹಿಸುವುದು ಶಾಸ್ತ್ರದ ಅಂಗವಾಗಿತ್ತು. ಆಗ ದಾವಣಗೆರೆ, ಹರಿಹರ ಎರಡೂ ಸಂಸ್ಥಾನದೊಳಗಿದ್ದವು, ಹೊಳೆಯ ಆಚೆ ದಡ ಮುಂಬಯಿ ಪ್ರಾಂತ್ಯವಾಗಿತ್ತು. ಕನ್ನಡದ ಓದುಗರಿಗೆ ಹಕ್ಕಿಗಳನ್ನು ಕನ್ನಡದ ಹೆಸರಿನಿಂದಲೇ ಗುರುತಿಸಲು ಕಲಿಸಿದ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ದ ಹೊತ್ತಿಗೆ ಕೋವಿಯ ಜಾಗವನ್ನು ಕ್ಯಾಮೆರಾ ಮತ್ತು ದುರ್ಬೀನು ಪೂರ್ತಿಯಾಗಿ ಹಿಡಿದಿದ್ದವು.

ಇಂದು ದುರ್ಬೀನು ಕೈಯಲ್ಲಿರುವವರಿಂದ ವಿಜ್ಞಾನ ಬಯಸುವುದು ಎಣಿಕೆಯನ್ನು. ಏಷ್ಯಾದ ನೀರಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಮಧ್ಯ ಏಷ್ಯಾ, ಸೈಬೀರಿಯಾದ ಕಡೆಯಿಂದ ಇಳಿದುಬರುವ ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತುಗಳಿಗೆ ಚಳಿಗಾಲದ ಆಸರೆ ದೊಡ್ಡ ಜಲಾಶಯಗಳಲ್ಲಿ ಮಾತ್ರ ಇರುವುದಲ್ಲ, ಹೆಸರೇ ಕೇಳದ ನೂರಾರು ಊರಕೆರೆಗಳಲ್ಲೂ ಇದೆ. ಅಂಥ ಕೆರೆಗಳನ್ನು ನೋಡಲು ದೂರದ ಊರಿನಿಂದ ತಜ್ಞರು ಬರುವುದಿಲ್ಲ. ಅಲ್ಲಿ ದಿನವೂ ಹಾದುಹೋಗುವ ಮೇಷ್ಟ್ರು, ನಾಲೆಯ ನೀರುಗಂಟಿ, ಬೆಳಗಿನ ವಾಕಿಂಗ್‌ಗೆ ಕುಂದುವಾಡ ಕೆರೆಯ ಏರಿಗೆ ಬರುವ ನಿವೃತ್ತರು ನೋಡಿದರೆ ಉಂಟು, ಇಲ್ಲವಾದರೆ ಇಲ್ಲ. ಮುಕ್ಕಾಲು ಕಿಲೋದ ಸಾಧನ ವಾಕಿಂಗ್‌ಗೆ ಹೊರಟವರ ಜೊತೆಗೆ ಬರುವುದಿಲ್ಲ, ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಮೊಬೈಲಿನ ಪಕ್ಕದ ಜೇಬಿನಲ್ಲಿ ಕೂರುವ ಸಾಧನ ಬರುತ್ತದೆ. ಪುಟ್ಟ ದುರ್ಬೀನಿನ ಪರವಾದ ಅತ್ಯಂತ ಬಲವಾದ ವಾದ ದೃಗ್ವಿಜ್ಞಾನದ್ದಲ್ಲ, ಜೇಬಿನದು.

ಗದ್ದೆಯ ಬದುವಿನಲ್ಲಿ ಚಳಿಗಾಲಕ್ಕೆ ಬಂದಿಳಿಯುವ ಗೊರವಗಳನ್ನೇ ನೋಡಿದರೆ ಹತ್ತಿರದಿಂದ, ಪದೇ ಪದೇ ನೋಡುವುದರ ಬೆಲೆ ತಿಳಿಯುತ್ತದೆ. ಅಡವಿ ಗೊರವ, ಹಸಿರು ಗೊರವ ಎರಡೂ ಇಪ್ಪತ್ತು ಸೆಂಟಿಮೀಟರಿನ ಆಸುಪಾಸಿನ ಕಂದು ಬೆನ್ನಿನ ಹಕ್ಕಿಗಳು, ಎರಡಕ್ಕೂ ಬಿಳಿ ಹೊಟ್ಟೆ. ಅಡವಿ ಗೊರವದ ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಉದ್ದವಾಗಿ ಚಾಚಿರುತ್ತದೆ. ಹಸಿರು ಗೊರವದ್ದು ಕಣ್ಣಿನ ಬಳಿಗೆ ಬಂದು ನಿಂತುಬಿಡುತ್ತದೆ. ಹಾರಿದಾಗ ರೆಕ್ಕೆಯಡಿ ಮೊದಲಿನದಕ್ಕೆ ತಿಳಿ ಬಣ್ಣ, ಎರಡನೆಯದಕ್ಕೆ ಬಹುತೇಕ ಕಪ್ಪು. ಹುಬ್ಬಿನ ದಪ್ಪ ಎರಡು ಮಿಲಿಮೀಟರಿನ ಲೆಕ್ಕದ್ದು, ಎಂಟು ಪಟ್ಟಿನ ದುರ್ಬೀನಿಗೆ 50 ಮೀಟರ್ ದೂರದಲ್ಲಿ ಅದು ಸರಿಯಾಗಿ ಅಂಚಿನ ಪರೀಕ್ಷೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಹುಬ್ಬು ಕಾಣುತ್ತದೆ. ಎದುರಿಗೆ ಹಾಕಿಕೊಂಡರೆ ಎರಡು ಗೊರವಗಳೂ ಒಂದೇ ಕಪ್ಪು ನೆರಳಾಗುತ್ತವೆ, ಮಸೂರ ಎಷ್ಟೇ ದೊಡ್ಡದಿರಲಿ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ದಡದಲ್ಲಿ ನಿಂತಾಗ ಮಾತ್ರ ಈ ಲೆಕ್ಕವೆಲ್ಲ ಕೈಬಿಡುತ್ತದೆ. ಅಲ್ಲಿ ನೀರಿನ ನಡುವೆ ಒಂದು ಕಿಲೋಮೀಟರ್ ಆಚೆ ತೇಲುವ ಬಾತುಗಳ ಹಿಂಡಿನ ಮೇಲೆ ಎಂಟು ಪಟ್ಟು ವರ್ಧನೆಯ ಮಿತಿ 36 ಮಿಲಿಮೀಟರ್. ಕೊಕ್ಕಿನ ಆಕಾರವಾಗಲಿ ತಲೆಯ ಪಟ್ಟಿಯಾಗಲಿ ಅದರೊಳಗೆ ನುಸುಳಲಾರದು, ಮುಕ್ಕಾಲಿಯ ಮೇಲೆ ನಿಲ್ಲಿಸಿದ ಇಪ್ಪತ್ತು ಮೂವತ್ತು ಪಟ್ಟಿನ ದೂರದರ್ಶಕ ಬೇಕು. ಅದಿಲ್ಲದವರಿಗಾಗಿ ಗಣತಿಯ ನಮೂನೆಯಲ್ಲಿ ಒಂದು ಸಾಲು ಇದೆ: ‘ಗುರುತಿಸಲಾಗದ ಬಾತುಗಳು’. ಊಹಿಸಿ ಬರೆದ ಜಾತಿಯ ಹೆಸರಿಗಿಂತ ಆ ಸಾಲಿನಲ್ಲಿ ಬರೆದ ಬರಿಯ ಸಂಖ್ಯೆಯೇ ಗಣತಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.